ಮಂಗಳೂರಿನ ಹತ್ತಿರ ಒಂದು ಕಂಚಿನ ಗುಡಿ: ಹನ್ನೆರಡನೇ ಕ್ಲಾಸಿನ ಇತಿಹಾಸಕ್ಕೆ ತಯಾರಿ

ಸಿಬಿಎಸ್‌ಇ ಹನ್ನೆರಡನೇ ತರಗತಿಯ ಇತಿಹಾಸ ಪುಸ್ತಕದ ಎರಡನೇ ಭಾಗದಲ್ಲಿ, ಪ್ರವಾಸಿಗರ ಅಧ್ಯಾಯದಲ್ಲಿ, ನಮ್ಮ ಮಂಗಳೂರು ಉಂಟು. ಹೆರಾತ್‌ನಿಂದ ರಾಯಭಾರಿಯಾಗಿ ಬಂದ ಅಬ್ದುರ್ ರಜ್ಜಾಕ್ ಸಮರ್ಕಂದಿ 1440ರ ದಶಕದಲ್ಲಿ ಇಲ್ಲಿಂದಲೇ ಘಟ್ಟ ಹತ್ತಿ ವಿಜಯನಗರಕ್ಕೆ ಹೋದವನು. ಮಂಗಳೂರಿನಿಂದ ಮೂರು ಲೀಗ್ ಒಳಗೆ ಒಂದು ಗುಡಿ ಕಂಡೆ ಎನ್ನುತ್ತಾನೆ: ಚೌಕಾಕಾರ, ಪ್ರತಿ ಬದಿಗೆ ಸುಮಾರು ಹತ್ತು ಗಜ, ಎತ್ತರ ಐದು ಗಜ, ಇಡೀ ಗುಡಿಗೆ ಎರಕದ ಕಂಚಿನ ಹೊದಿಕೆ, ನಾಲ್ಕು ಮುಖಮಂಟಪ. ಪ್ರವೇಶದ ಮಂಟಪದಲ್ಲಿ ಮನುಷ್ಯನಷ್ಟೇ ಎತ್ತರದ ಬಂಗಾರದ ಮೂರ್ತಿ, ಕಣ್ಣಿಗೆ ಎರಡು ಕೆಂಪು ಮಾಣಿಕ್ಯ. ನೋಡುತ್ತಾ ಇದೆಯೇನೋ ಅನಿಸುವ ಹಾಗೆ ಕೂರಿಸಿದ್ದರಂತೆ.

ಕರಾವಳಿಯ ಯಾವ ಕ್ಲಾಸಿನಲ್ಲಿ ಈ ಪುಟ ತೆರೆದರೂ ಮೊದಲು ಏಳುವ ಚರ್ಚೆ ಒಂದೇ: ಇದು ಯಾವ ದೇವಸ್ಥಾನ? ಚರ್ಚೆ ನಡೆಯಲಿ, ಒಳ್ಳೆಯದೇ. ಆದರೆ ಪುಸ್ತಕ ಹೆಸರು ಹೇಳುವುದಿಲ್ಲ. ಉತ್ತರದಲ್ಲಿ ಊಹೆಯ ಹೆಸರು ಬರೆದರೆ ಮಾರ್ಕೂ ಇಲ್ಲ. ಪರೀಕ್ಷೆಗೆ ಬೇಕಾದ ಪ್ರಶ್ನೆಗಳು ಬೇರೆ. ಇದನ್ನು ಬರೆದವನು ಯಾರು, ಯಾರಿಗಾಗಿ ಬರೆದ, ಅವನ ಕಣ್ಣಿಗೆ ಇದು ಯಾಕೆ ದೊಡ್ಡದಾಗಿ ಕಂಡಿತು, ಕಲ್ಲಿಕೋಟೆಯ ಜನರನ್ನು ನೋಡಿ ವಿಚಿತ್ರ ಜನಾಂಗ ಎಂದವನೇ ಇಲ್ಲಿ ಬೆರಗಾದದ್ದು ಹೇಗೆ? ಈ ಪುಸ್ತಕದ ಪ್ರತಿ ಅಧ್ಯಾಯವೂ ಒಂದು ಬಗೆಯ ಆಕರವನ್ನು ಹಿಡಿದುಕೊಂಡೇ ನಡೆಯುತ್ತದೆ: ಹರಪ್ಪಕ್ಕೆ ಅಗೆತದ ವಸ್ತುಗಳು, ಮೌರ್ಯರಿಗೆ ಶಾಸನ, ಮೊಘಲರ ಕಾಲದ ಕೃಷಿಗೆ ಐನ್-ಇ-ಅಕ್ಬರಿ, ಬ್ರಿಟಿಷರ ಕಾಲದ ಹಳ್ಳಿಗೆ ಸರಕಾರಿ ವರದಿ. ಎಸೆಸೆಲ್ಸಿ ತನಕ ‘ಏನಾಯಿತು’ ಎಂದು ಬಾಯಿಪಾಠ ಮಾಡಿಕೊಂಡು ಬಂದ ಮಗು ಇಲ್ಲಿ ‘ಅದು ನಮಗೆ ಹೇಗೆ ಗೊತ್ತು’ ಎಂಬ ಪ್ರಶ್ನೆಗೆ ಎಡವುತ್ತದೆ. ತಯಾರಿ ಅಲ್ಲಿಂದಲೇ ಶುರುವಾಗಬೇಕು.

ಮೊದಲು ಪೇಪರಿನ ಲೆಕ್ಕ ಬೇಗ ಮುಗಿಸೋಣ. ಥಿಯರಿಗೆ 80 ಅಂಕ, ಪ್ರಾಜೆಕ್ಟಿಗೆ 20. ಈಚಿನ ವರ್ಷಗಳ ವಿನ್ಯಾಸದಲ್ಲಿ ಒಟ್ಟು 34 ಪ್ರಶ್ನೆ: ಒಂದು ಅಂಕದ ಬಹುಆಯ್ಕೆ 21, ಮೂರು ಅಂಕದ್ದು 6, ಎಂಟು ಅಂಕದ್ದು 3, ನಾಲ್ಕು ಅಂಕದ ಆಕರ ಪ್ರಶ್ನೆ 3, ಕೊನೆಗೆ ಐದು ಅಂಕದ ಮ್ಯಾಪು. ಸಮಯ ಮೂರು ಗಂಟೆ, ಅದರ ಮುಂಚೆ ಓದಿಕೊಳ್ಳಲು 15 ನಿಮಿಷ. ಬಹುಆಯ್ಕೆಗೆ 25 ನಿಮಿಷ, ಮೂರು ಅಂಕದ್ದಕ್ಕೆ ತಲಾ 7, ಎಂಟು ಅಂಕದ್ದಕ್ಕೆ ತಲಾ 20, ಆಕರಕ್ಕೆ ತಲಾ 10, ಮ್ಯಾಪಿಗೆ 8 ಎಂದು ಹಂಚಿದರೆ 165 ನಿಮಿಷ ಆಗುತ್ತದೆ. ಉಳಿದ 15 ನಿಮಿಷ ತಿರುಗಿ ನೋಡಲಿಕ್ಕೆ. ಎಂಟು ಅಂಕದ ಮೊದಲ ಉತ್ತರಕ್ಕೇ 35 ನಿಮಿಷ ಸುರಿದು, ಕೊನೆಯ ಆಕರ ಪ್ರಶ್ನೆಯನ್ನು ಗಂಟೆ ಬಾರಿಸುವಾಗ ಗೀಚುವುದು ಪ್ರೀ-ಬೋರ್ಡಿನಲ್ಲಿ ಕಾಣುವ ಸಾಮಾನ್ಯ ದೃಶ್ಯ. ಆಕರ ಪ್ರಶ್ನೆಯ ಅರ್ಧ ಉತ್ತರ ಎದುರಿಗೇ ಅಚ್ಚಾಗಿರುತ್ತದೆ. ಬಿಡುವುದಾದರೆ ಬಿಡಬೇಕಾದದ್ದು ಅದನ್ನಲ್ಲ.

ಆಕರ ಪ್ರಶ್ನೆ ಹೇಗಿರುತ್ತದೆಂದು ಕಂಚಿನ ಗುಡಿಯ ಭಾಗವನ್ನೇ ಇಟ್ಟು ನೋಡಿ. ಸಾಮಾನ್ಯವಾಗಿ ಮೂರು ಉಪಪ್ರಶ್ನೆ: 1, 1, 2 ಅಂಕ. ಗುಡಿಯ ಹೊದಿಕೆ ಯಾವ ಲೋಹದ್ದು, ಪ್ರವೇಶದಲ್ಲಿದ್ದದ್ದೇನು ಎಂಬ ಮೊದಲೆರಡಕ್ಕೆ ಒಂದೊಂದು ವಾಕ್ಯ ಸಾಕು. ಮೂರನೆಯದು ಮಾತ್ರ ಕೊಟ್ಟ ಸಾಲುಗಳ ಆಚೆ ಹೋಗುತ್ತದೆ: ‘ಈ ವರ್ಣನೆಯಿಂದ ಪ್ರವಾಸಿಯ ದೃಷ್ಟಿಕೋನದ ಬಗ್ಗೆ ಏನು ತಿಳಿಯುತ್ತದೆ?’ ಎರಡು ಅಂಕಕ್ಕೆ ಎರಡು ಬೇರೆ ಬೇರೆ ಅಂಶ ಬೇಕು. ಒಂದು, ತನಗೆ ಪರಿಚಯವಿಲ್ಲದ ಧರ್ಮದ ಕಟ್ಟಡವಾದರೂ ಅವನು ಅಳತೆ, ಲೋಹ, ಕುಶಲತೆಯನ್ನು ಗಮನಿಸಿ ಮೆಚ್ಚಿದ್ದಾನೆ. ಎರಡು, ಅವನ ಮೆಚ್ಚುಗೆ, ತಿರಸ್ಕಾರ ಎರಡೂ ಅವನಿಗೆ ಒಗ್ಗಿದ ಅಳತೆಗೋಲಿನಿಂದಲೇ ಬಂದವು. ಆದ್ದರಿಂದ ಅವನ ಮಾತನ್ನು ಬೇರೆ ಪುರಾವೆಯ ಜೊತೆ ತಾಳೆ ನೋಡಬೇಕು. ಹೆಚ್ಚಿನ ಮಕ್ಕಳು ಮಾಡುವುದು ಮೂರಕ್ಕೂ ಕೊಟ್ಟ ಸಾಲುಗಳನ್ನೇ ಮೇಲಿಂದ ಕೆಳಗೆ ಇಳಿಸುವುದು. ಮೊದಲೆರಡಕ್ಕೆ ಅದು ನಡೆದೀತು, ಮೂರನೆಯದಕ್ಕೆ ನಡೆಯುವುದಿಲ್ಲ.

ಇದೇ ಅಧ್ಯಾಯದಲ್ಲಿ ನಮ್ಮ ಕಡೆಯ ಮಕ್ಕಳಿಗೇ ಮೀಸಲಾದ ಒಂದು ಗುಂಡಿ ಉಂಟು. ಮೊರಾಕೊದ ಪ್ರವಾಸಿ ಇಬ್ನ್ ಬತೂತ ತೆಂಗಿನಕಾಯಿಯನ್ನು ವರ್ಣಿಸುತ್ತಾನೆ: ಮನುಷ್ಯನ ತಲೆಯ ಹಾಗೆ, ಎರಡು ಕಣ್ಣು, ಒಂದು ಬಾಯಿ, ಎಳೆಯದರ ಒಳಗೆ ಮಿದುಳಿನಂಥದ್ದು, ಹೊರಗೆ ಕೂದಲಿನಂಥ ನಾರು. ಆ ನಾರಿನ ಹಗ್ಗದಿಂದ ಕಬ್ಬಿಣದ ಮೊಳೆ ಇಲ್ಲದೆ ಹಡಗು ಹೊಲಿಯುತ್ತಾರೆ ಎನ್ನುತ್ತಾನೆ. ಇನ್ನೊಂದು ಕಡೆ ವೀಳ್ಯ: ಬಳ್ಳಿಗೆ ಹಣ್ಣಿಲ್ಲ, ಎಲೆಗಾಗಿಯೇ ಬೆಳೆಸುತ್ತಾರೆ, ಮೊದಲು ಅಡಿಕೆ ಚೂರು ಮಾಡಿ ಬಾಯಿಗೆ ಹಾಕಿ, ಆಮೇಲೆ ಸುಣ್ಣ ಸವರಿದ ಎಲೆ. ‘ಇವು ಅವನ ಗಮನ ಸೆಳೆದದ್ದೇಕೆ?’ ಎಂದು ಕೇಳಿದರೆ, ಮನೆಯ ಹಿತ್ತಿಲಲ್ಲೇ ತೆಂಗು, ಅಂಗಳದಲ್ಲೇ ಅಡಿಕೆ ಒಣಗುವ ಮಗುವಿಗೆ ಉತ್ತರ ಹೊಳೆಯುವುದಿಲ್ಲ. ಅದಕ್ಕೆ ಇವುಗಳಲ್ಲಿ ವಿಶೇಷವೇ ಕಾಣುವುದಿಲ್ಲ. ಉಡುಪಿಯ ಮಗು ‘ತೆಂಗು ತುಂಬಾ ಉಪಯೋಗಿ, ಆದ್ದರಿಂದ’ ಎಂದು ಬರೆಯುತ್ತದೆ. ಬೇಕಾದದ್ದು: ಮೊರಾಕೊದ ಅವನ ಓದುಗರು ಇದನ್ನು ಕಂಡವರೇ ಅಲ್ಲ, ಕಾಣದವರಿಗೆ ತಿಳಿಸಲು ಅವರಿಗೆ ಗೊತ್ತಿದ್ದ ಖರ್ಜೂರದ ಮರ, ಮನುಷ್ಯನ ತಲೆ, ದ್ರಾಕ್ಷಿ ಬಳ್ಳಿಯನ್ನು ಹೋಲಿಕೆಗೆ ತಂದ. ಹೋಲಿಕೆಯ ಈ ಉಪಾಯವೇ ಅಂಕದ ಅಂಶ. ಮಕ್ಕಳ ಕೈಯಲ್ಲಿ ಒಂದು ಸುಲಿದ ಕಾಯಿ ಕೊಟ್ಟು, ಮೊರಾಕೊದವನಿಗೆ ನಾಲ್ಕು ವಾಕ್ಯದಲ್ಲಿ ವರ್ಣಿಸಲು ಹೇಳಿ. ಹತ್ತು ನಿಮಿಷದ ಕೆಲಸ. ಆ ಪ್ರಶ್ನೆ ಮತ್ತೆ ತಪ್ಪುವುದಿಲ್ಲ.

ಮೊಘಲರ ಕಾಲದ ಫ್ರೆಂಚ್ ಪ್ರವಾಸಿ ಬರ್ನಿಯರ್ ವಿಷಯದಲ್ಲಿ ಗುಂಡಿ ಬೇರೆ. ಭಾರತದಲ್ಲಿ ಭೂಮಿಯ ಖಾಸಗಿ ಒಡೆತನ ಇರಲಿಲ್ಲ, ಎಲ್ಲ ರಾಜನದ್ದೇ, ಆದ್ದರಿಂದ ಕೃಷಿ ಹಾಳಾಯಿತು ಎಂದು ಅವನು ಹೇಳಿದ್ದನ್ನು ಮಕ್ಕಳು ಸತ್ಯಸಂಗತಿಯಾಗಿ ಬರೆದುಬಿಡುತ್ತಾರೆ. ಪುಸ್ತಕ ಅದನ್ನು ಅಲ್ಲಗಳೆಯುತ್ತದೆ: ರಾಜ್ಯವೇ ಭೂಮಿಯ ಏಕೈಕ ಒಡೆಯ ಎಂದು ಮೊಘಲರ ಸರಕಾರಿ ದಾಖಲೆ ಯಾವುದೂ ಹೇಳುವುದಿಲ್ಲ, ಅಬುಲ್ ಫಜಲ್ ಕಂದಾಯವನ್ನು ರಾಜನು ಕೊಡುವ ರಕ್ಷಣೆಗೆ ಪ್ರಜೆಗಳಿಂದ ಸಲ್ಲುವ ಪ್ರತಿಫಲ ಎಂದಿದ್ದಾನೆ, ಜಮೀನಿನ ಬಾಡಿಗೆ ಎಂದಲ್ಲ. ‘ಬರ್ನಿಯರ್ ಪ್ರಕಾರ’ ಎಂಬ ಎರಡು ಪದ ಇಲ್ಲದೆ ಹೋದರೆ ಉತ್ತರವೇ ತಿರುಗಿ ಬೀಳುತ್ತದೆ.

ಇನ್ನು ವರ್ಷದ ಯೋಜನೆ. ನಮ್ಮ ಜಿಲ್ಲೆಗಳಲ್ಲಿ ಜೂನ್, ಜುಲೈ ಎಂದರೆ ಮಳೆ ರಜೆ. ಹಿಂದಿನ ರಾತ್ರಿ ಜಿಲ್ಲಾಧಿಕಾರಿಗಳ ಆದೇಶ ಬಂದರೆ ಮರುದಿನ ಶಾಲೆ ಇಲ್ಲ. ಈ ದಿನಗಳಲ್ಲಿ ಪೆಟ್ಟು ತಿನ್ನುವುದು ಮೊದಲ ಭಾಗ: ಹರಪ್ಪ, ಮಹಾಜನಪದ, ಮಹಾಭಾರತ, ಸಾಂಚಿ. ತಪ್ಪಿದ ಪಾಠವನ್ನು ಆನ್‌ಲೈನಿನಲ್ಲಿ ಓಡಿಸುವುದಕ್ಕಿಂತ ಮಳೆ ರಜೆಗೆಂದೇ ಒಂದು ಕೆಲಸ ಮೀಸಲಿಡುವುದು ವಾಸಿ: ಆ ಅಧ್ಯಾಯದ ಚಿತ್ರಗಳನ್ನು, ಚಿತ್ರದ ಕೆಳಗಿನ ಬರಹವನ್ನು, ಬಾಕ್ಸಿನೊಳಗಿನ ಆಕರಗಳನ್ನು ಮಾತ್ರ ಓದಿ, ಒಂದೊಂದಕ್ಕೂ ‘ಇದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ’ ಎಂದು ಎರಡು ಸಾಲು ಬರೆಯುವುದು. ಗೈಡುಗಳಲ್ಲಿ ಚಿತ್ರವೂ ಬಾಕ್ಸೂ ಇರುವುದಿಲ್ಲ. ಆದರೆ ಚಿತ್ರ ಗುರುತಿಸುವ ಬಹುಆಯ್ಕೆ, ಆಕರ ಪ್ರಶ್ನೆಗಳು ಹೆಚ್ಚಾಗಿ ಬರುವುದು ಅಲ್ಲಿಂದಲೇ. ಗೈಡನ್ನೇ ನಂಬಿದ ಮಗು ಸೋಲುವ ಜಾಗ ಇದು.

ಶಾಸನದ ಅಧ್ಯಾಯಕ್ಕೆ ಬಸ್ಸು ಹತ್ತಿದರೆ ಸಾಕು. ಬಾರ್ಕೂರಿನಲ್ಲೋ ಮೂಡುಬಿದಿರೆಯ ಬಸದಿಗಳಲ್ಲೋ ಒಂದು ಶಾಸನದ ಕಲ್ಲಿನ ಎದುರು ಅರ್ಧ ಗಂಟೆ ನಿಲ್ಲಿಸಿ. ಅಕ್ಷರ ಸವೆದಿದೆ, ಮೂಲೆ ಒಡೆದಿದೆ, ಇರುವ ಪದದ ಅರ್ಥವೂ ಖಚಿತವಿಲ್ಲ, ಬರೆದದ್ದು ದಾನದ ವಿಷಯ, ಬರೆಸಿದ್ದು ದಾನ ಕೊಟ್ಟವರು. ಶಾಸನಗಳ ಮಿತಿ ಎಂದು ಪುಸ್ತಕ ಪಟ್ಟಿ ಮಾಡುವುದು ಇವನ್ನೇ: ಮಸುಕು ಕೆತ್ತನೆ, ಹಾಳಾದ ಅಕ್ಷರ, ಅರ್ಥದ ಅನುಮಾನ, ನಿತ್ಯದ ಬೇಸಾಯ, ಸುಖದುಃಖ ದಾಖಲಾಗದೇ ಇರುವುದು, ಬರೆಸಿದವನ ದೃಷ್ಟಿಯೇ ಮುಂದಿರುವುದು. ಕದ್ರಿಯ ಲೋಕೇಶ್ವರ ಮೂರ್ತಿಯ ಪೀಠದ ಬರಹ ಆಳುಪ ಅರಸ ಕುಂದವರ್ಮನದ್ದು, ಕಾಲ ಕ್ರಿ.ಶ. 968. ತೇದಿ ಇರುವ ಶಾಸನಕ್ಕೂ ಇಲ್ಲದ ಶಾಸನಕ್ಕೂ ಇತಿಹಾಸಕಾರನ ಕೆಲಸದಲ್ಲಿ ಏನು ವ್ಯತ್ಯಾಸ ಎಂದು ಅಲ್ಲೇ ತೋರಿಸಬಹುದು. ಆದರೆ ಕದ್ರಿಯನ್ನು ಉತ್ತರಪತ್ರಿಕೆಗೆ ತರಬೇಡಿ. ಅಲ್ಲಿಗೆ ಬೇಕಾದದ್ದು ಮಸ್ಕಿ. ಅಶೋಕನ ಉಳಿದ ಹೆಚ್ಚಿನ ಶಾಸನಗಳಲ್ಲಿ ‘ದೇವಾನಾಂಪಿಯ’, ‘ಪಿಯದಸಿ’ ಎಂಬ ಬಿರುದು ಮಾತ್ರ. ಅಶೋಕ ಎಂಬ ಹೆಸರೇ ಸಿಗುವ ಕೆಲವೇ ಶಾಸನಗಳಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯದು ಒಂದು. ಈ ಶಾಸನಗಳ ಬ್ರಾಹ್ಮಿ ಲಿಪಿಯನ್ನು ಪ್ರಿನ್ಸೆಪ್ ಓದಿದ್ದು 1837 ಎಂದೂ ಕೆಲವೆಡೆ ಸಿಗುತ್ತದೆ. ಪುಸ್ತಕದಲ್ಲಿ 1838 ಉಂಟು, ಅದನ್ನೇ ಬರೆಯಿರಿ.

ಊರಿನ ಅಭಿಮಾನದಿಂದ ಅಂಕ ಕಳೆದುಕೊಳ್ಳುವ ಜಾಗಗಳು ಇನ್ನೂ ಉಂಟು. 1857ರ ಪ್ರಶ್ನೆಗೆ ‘ಅದಕ್ಕೆ 20 ವರ್ಷ ಮೊದಲೇ ಬ್ರಿಟಿಷರ ವಿರುದ್ಧ ದಂಗೆಯೆದ್ದ ಅಮರ ಸುಳ್ಯದವರು ಮಂಗಳೂರಿಗೆ ನುಗ್ಗಿದ್ದರು’ ಎಂದು ಶುರು ಮಾಡುವುದು. ಸಂಗತಿ ನಿಜ. ಆದರೆ ಪ್ರಶ್ನೆ ಅವಧ್ ಬಗ್ಗೆ. ಮೌಲ್ಯಮಾಪಕರ ಕೈಯಲ್ಲಿರುವ ಅಂಶಗಳ ಪಟ್ಟಿಯಲ್ಲಿ ಸುಳ್ಯ ಇಲ್ಲ. ಹಾಗೆಯೇ ವಿಜಯನಗರದ ತುಳುವ ವಂಶ ಎಂದ ಕೂಡಲೇ ತುಳುನಾಡಿನ ಮೇಲೆ ಐದು ಸಾಲು. ಸಂಗಮರು 1485ರವರೆಗೆ, ಸಾಳುವರು 1503ರವರೆಗೆ, ಆಮೇಲೆ ತುಳುವರು, ಅವರಲ್ಲಿ ಕೃಷ್ಣದೇವರಾಯ 1509ರಿಂದ 1529: ಇಷ್ಟು ಬರೆದು ಮುಂದೆ ಹೋಗಬೇಕು.

ಎಂಟು ಅಂಕದ ಉತ್ತರಕ್ಕೆ ವಿಜಯನಗರವನ್ನೇ ಉದಾಹರಣೆಗೆ ಹಿಡಿಯೋಣ: ‘ವಿಜಯನಗರದ ಕೋಟೆ ವ್ಯವಸ್ಥೆಯ ವಿಶೇಷತೆಯನ್ನು ವಿವರಿಸಿ.’ 300ರಿಂದ 350 ಪದ. ಸಾಮಾನ್ಯ ಉತ್ತರ ಹೀಗಿರುತ್ತದೆ: ಕೋಟೆ ತುಂಬಾ ದೊಡ್ಡದು, ಬಲವಾದದ್ದು, ಸುಂದರವಾದದ್ದು, ಶತ್ರುಗಳು ಹೆದರುತ್ತಿದ್ದರು. ಒಂದು ಪುಟ ತುಂಬುತ್ತದೆ, ಅಂಶ ಒಂದೋ ಎರಡೋ. ಬರೆಯುವ ಮೊದಲು ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಎರಡು ನಿಮಿಷದಲ್ಲಿ ಎಂಟು ಮೊಳೆ ಹೊಡೆದುಕೊಳ್ಳಬೇಕು: ಅಬ್ದುರ್ ರಜ್ಜಾಕ್ ಹೇಳಿದ ಏಳು ಸುತ್ತು; ಊರನ್ನು ಮಾತ್ರವಲ್ಲ, ಗದ್ದೆ ಮತ್ತು ಕಾಡನ್ನೂ ಒಳಗೆ ಹಾಕಿಕೊಂಡದ್ದು; ಹೊರಗಿನ ಗೋಡೆ ಗುಡ್ಡಗಳನ್ನು ಜೋಡಿಸಿದ್ದು; ಗಾರೆಯೇ ಇಲ್ಲದೆ ಬೆಣೆಯಾಕಾರದ ಕಲ್ಲುಗಳನ್ನು ಬಿಗಿದು, ಒಳಗೆ ಮಣ್ಣು, ಕಲ್ಲುಚೂರು ತುಂಬಿದ್ದು; ಹೊರಕ್ಕೆ ಚಾಚಿದ ಚೌಕ ಕೊತ್ತಲಗಳು; ಎರಡನೇ ಸುತ್ತು ಊರಿನ ಒಳಭಾಗಕ್ಕೆ, ಮೂರನೆಯದು ಅರಮನೆಯ ಭಾಗಕ್ಕೆ; ಹೆಬ್ಬಾಗಿಲ ಕಮಾನು, ಗುಮ್ಮಟದಲ್ಲಿ ಇಂಡೋ-ಇಸ್ಲಾಮಿಕ್ ಶೈಲಿ; ಕೊನೆಗೆ ಗದ್ದೆಯನ್ನು ಯಾಕೆ ಒಳಗೆ ಹಾಕಿದರು ಎಂಬ ಕಾರಣ. ಆ ಕೊನೆಯದನ್ನು ಬಿಡುವವರೇ ಹೆಚ್ಚು. ಮಧ್ಯಯುಗದಲ್ಲಿ ಮುತ್ತಿಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುತ್ತಿತ್ತು. ಒಳಗಿನವರನ್ನು ಹಸಿವಿನಿಂದ ಶರಣಾಗಿಸುವುದೇ ಗುರಿ. ಬೇರೆ ಅರಸರು ಕೋಟೆಯೊಳಗೆ ದೊಡ್ಡ ಕಣಜ ಕಟ್ಟಿಸುತ್ತಿದ್ದರು. ವಿಜಯನಗರದವರು ಹೆಚ್ಚು ಖರ್ಚಿನ ದಾರಿ ಹಿಡಿದು ಬೆಳೆಯುವ ನೆಲವನ್ನೇ ಕಾದರು. ಮೊದಲ ಸುತ್ತಿಗೂ ಊರಿಗೂ ನಡುವೆ ಭತ್ತದ ಗದ್ದೆ, ತೋಟ ಇದ್ದುದನ್ನು ಪೋರ್ಚುಗೀಸ್ ಪ್ರವಾಸಿ ಪಯಸ್ ಕೂಡ ಕಂಡಿದ್ದಾನೆ. ಅಂಕ ಕೊಡುವವರಿಗೆ ಸುಲಭವಾಗಲೆಂದು ಪ್ರತಿ ಅಂಶಕ್ಕೂ ಹೊಸ ಪ್ಯಾರಾ, ಮುಖ್ಯ ಪದದ ಕೆಳಗೆ ಗೆರೆ. ಬಣ್ಣದ ಪೆನ್ನುಗಳ ಜಾತ್ರೆ ಬೇಡ.

ನಮ್ಮ ಮಕ್ಕಳು ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ, ಅಂಗಡಿಯಲ್ಲಿ ಕನ್ನಡ, ಪೇಪರಿನಲ್ಲಿ ಇಂಗ್ಲಿಷ್. ಪಾಠ ಕನ್ನಡದಲ್ಲಿ ವಿವರಿಸಿದರೆ ಅರ್ಥವಾಗುತ್ತದೆ, ಬರೆಯುವಾಗ ಇಂಗ್ಲಿಷು ಕೈಕೊಡುತ್ತದೆ. ಇದಕ್ಕೆ ವ್ಯಾಕರಣದ ಕ್ಲಾಸು ಬೇಡ. ಅಧ್ಯಾಯಕ್ಕೆ 12 ಪದ ಸಾಕು, ಪ್ರತಿ ಪದಕ್ಕೂ ಕನ್ನಡದಲ್ಲಿ ಒಂದು ಸಾಲಿನ ಅರ್ಥ, ಇಂಗ್ಲಿಷಿನಲ್ಲಿ ಒಂದು ಸ್ವಂತ ವಾಕ್ಯ. ಪ್ರಶ್ನೆಯ ಕ್ರಿಯಾಪದಗಳನ್ನೂ ಹೀಗೇ ಬಿಡಿಸಿಡಿ: ‘ವಿವರಿಸಿ’ ಎಂದರೆ ಹೇಗೆ, ಯಾಕೆ ಎಂದು ಹೇಳಬೇಕು, ‘ಪರಿಶೀಲಿಸಿ’ ಎಂದರೆ ಎರಡೂ ಬದಿ ನೋಡಬೇಕು. ಪರಿಶೀಲಿಸಿ ಎಂದಲ್ಲಿ ಬರೀ ಹೊಗಳಿದರೆ ಅರ್ಧ ಉತ್ತರ.

ಬಹುಆಯ್ಕೆಯಲ್ಲಿ ಹೆಚ್ಚು ಕಾಡುವುದು ಕಾಲಾನುಕ್ರಮ. ಇದಕ್ಕೆ ಮನೆಯಲ್ಲಿ ಬಿದ್ದಿರುವ ಹಳೆಯ ಮದುವೆ ಕಾಗದಗಳೇ ಸಾಮಗ್ರಿ. ಇಸ್ಪೀಟು ಎಲೆಯಷ್ಟು 40 ತುಂಡು ಮಾಡಿ, ಒಂದು ಬದಿ ಘಟನೆ, ಇನ್ನೊಂದು ಬದಿ ವರ್ಷ. ಚಂಪಾರಣ್ 1917, ಅಹಮದಾಬಾದ್ ಮತ್ತು ಖೇಡಾ 1918, ರೌಲಟ್ 1919, ಚೌರಿ ಚೌರಾ ಫೆಬ್ರವರಿ 1922, ಲಾಹೋರ್ ಅಧಿವೇಶನ ಡಿಸೆಂಬರ್ 1929, ದಾಂಡಿ ಯಾತ್ರೆ ಮಾರ್ಚ್ 12ರಿಂದ ಏಪ್ರಿಲ್ 6, 1930, ಗಾಂಧಿ-ಇರ್ವಿನ್ 1931, ಕ್ವಿಟ್ ಇಂಡಿಯಾ ಆಗಸ್ಟ್ 1942. ಕಲಸಿ, ನಾಲ್ಕು ಎಲೆ ತೆಗೆದು, ವರ್ಷ ನೋಡದೆ ಸಾಲಾಗಿ ಇಡಬೇಕು. ಒಂಟಿಯಾಗಿ ವರ್ಷ ಬಾಯಿಪಾಠ ಮಾಡಿದವರಿಗೆ ಇದು ಬರುವುದಿಲ್ಲ. ‘ಚೌರಿ ಚೌರಾ ಆದದ್ದರಿಂದ ಅಸಹಕಾರ ನಿಂತಿತು’ ಎಂಬ ಕಾರಣದ ಸರಪಳಿ ಹಿಡಿದವರಿಗೆ ಬರುತ್ತದೆ.

ಸಂವಿಧಾನದ ಅಧ್ಯಾಯದಲ್ಲಿ ಮಂಗಳೂರಿನವರೇ ಆದ ಬೆನಗಲ್ ನರಸಿಂಗ ರಾವ್ ಬರುತ್ತಾರೆ. ಊರಿನವರು ಎಂಬ ಸಂತೋಷದಲ್ಲಿ ಅವರನ್ನು ಕರಡು ಸಮಿತಿಯ ಸದಸ್ಯರ ಸಾಲಿಗೆ ಸೇರಿಸಿಬಿಡಬೇಡಿ. ಅವರು ಸಾಂವಿಧಾನಿಕ ಸಲಹೆಗಾರರು, ಸಂವಿಧಾನ ಸಭೆಯ ಸದಸ್ಯರಲ್ಲ. ಆಯ್ಕೆಗಳಲ್ಲಿ ಆ ಬಲೆ ಬೀಸಲು ಪ್ರಶ್ನೆ ತೆಗೆಯುವವರಿಗೆ ಕಷ್ಟವೇನಿಲ್ಲ.

ರಾಜ್ಯ ಪಿಯು ಓದಿ ಸಿಯುಇಟಿ (ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ) ಬರೆಯುವವರಿಗೆ ಒಂದು ಮಾತು. ನಿಮ್ಮ ಪಿಯು ಇತಿಹಾಸ ಪುಸ್ತಕವೇ ಬೇರೆ, ಸಿಯುಇಟಿಯಲ್ಲಿ ಕೇಳುವುದು ಸಿಬಿಎಸ್‌ಇಯವರು ಓದುವ ಎನ್‌ಸಿಇಆರ್‌ಟಿಯ ಹನ್ನೆರಡನೇ ತರಗತಿಯದ್ದು. ಪೇಪರನ್ನು ಕನ್ನಡದಲ್ಲಿ ಬರೆಯಬಹುದು, ಭಾಷೆಯನ್ನು ಅರ್ಜಿ ತುಂಬುವಾಗಲೇ ಆರಿಸಬೇಕು. ಎನ್‌ಸಿಇಆರ್‌ಟಿಯ ಹೊಸ ಮುದ್ರಣದಲ್ಲಿ ಮೊಘಲ್ ದರ್ಬಾರು, ವಸಾಹತು ನಗರಗಳು, ದೇಶ ವಿಭಜನೆ ಈ ಮೂರು ಅಧ್ಯಾಯಗಳನ್ನು ತೆಗೆದಿದ್ದಾರೆ. ಆ ವರ್ಷದ ಸಿಯುಇಟಿ ಪಠ್ಯಪಟ್ಟಿಯಲ್ಲಿ ಇವು ಇದ್ದರೆ ಹಳೆಯ ಮುದ್ರಣ ಹುಡುಕಬೇಕು. 2025ರ ಮಾದರಿಯಲ್ಲಿ 50 ಪ್ರಶ್ನೆ, 60 ನಿಮಿಷ, ಸರಿಗೆ 5, ತಪ್ಪಿಗೆ ಮೈನಸ್ 1. ‘ಅನುಮಾನ ಇದ್ದರೆ ಮುಟ್ಟಲೇಬೇಡ’ ಎಂದು ಹೇಳಿಕೊಡುವುದನ್ನು ನಾವು ಒಪ್ಪುವುದಿಲ್ಲ. ಎರಡು ಆಯ್ಕೆ ಖಚಿತವಾಗಿ ಹೊಡೆದುಹಾಕಿದ ಮೇಲೆ ಉಳಿದೆರಡರಲ್ಲಿ ಒಂದನ್ನು ಒತ್ತಿದರೆ ಸರಾಸರಿ ಲಾಭ 2 ಅಂಕ. ಖಾಲಿ ಬಿಟ್ಟರೆ ಸೊನ್ನೆ.

ಕೊನೆಗೆ ಮ್ಯಾಪು. ಐದು ಅಂಕದಲ್ಲಿ ಮೂರು ಜಾಗ ನೀವು ಗುರುತಿಸುವುದು, ಎರಡು ಅವರು ಗುರುತಿಸಿದ್ದಕ್ಕೆ ಹೆಸರು ಬರೆಯುವುದು. ಪಟ್ಟಿ ಮೊದಲೇ ಕೊಟ್ಟಿರುತ್ತಾರೆ, ಆದ್ದರಿಂದ ಇದು ಪೂರ್ತಿ ಸಿಗಬೇಕಾದ ಐದು ಅಂಕ. ತಪ್ಪುವುದು ಅಕ್ಕಪಕ್ಕದ ಊರುಗಳಲ್ಲಿ. ಗುಜರಾತಿನಲ್ಲಿ ಧೋಲಾವೀರ ಕಛ್‌ನ ರಣದಲ್ಲಿ, ನಾಗೇಶ್ವರ ಸೌರಾಷ್ಟ್ರದ ಪಶ್ಚಿಮದ ತುದಿಯ ಹತ್ತಿರ, ಲೋಥಾಲ್ ಖಂಭಾತ್ ಕೊಲ್ಲಿಯ ತಲೆಯಲ್ಲಿ. ನಾಗೇಶ್ವರ ಮತ್ತು ಬಾಲಾಕೋಟ್ ಶಂಖ-ಚಿಪ್ಪಿನ ಕೆಲಸದ ಊರುಗಳು, ಚಿಪ್ಪು ಸಿಗುವುದು ಕಡಲ ಬದಿ: ಇಷ್ಟು ನೆನಪಿದ್ದರೆ ಚುಕ್ಕಿ ಒಳನಾಡಿಗೆ ಹೋಗುವುದಿಲ್ಲ. ಗಾಂಧಿ ಅಧ್ಯಾಯದ ಗುಜರಾತ್ ಊರುಗಳು ಉತ್ತರದಿಂದ ದಕ್ಷಿಣಕ್ಕೆ: ಅಹಮದಾಬಾದ್, ಖೇಡಾ, ಬಾರ್ಡೋಲಿ, ದಾಂಡಿ. ಮೊದಲೆರಡರ ನಡುವಿನ ದೂರ ಮಂಗಳೂರಿನಿಂದ ಉಡುಪಿಗಿಂತಲೂ ಕಡಿಮೆ, ಆದ್ದರಿಂದ ಚುಕ್ಕಿಗಳು ಹೆಚ್ಚುಕಡಿಮೆ ತಾಗಿಕೊಂಡೇ ಇರಬೇಕು. ಸಾಂಚಿ ಭೋಪಾಲದ ಬದಿ. ಭಾರ್ಹುತ್ ಅದೇ ರಾಜ್ಯದ ಈಶಾನ್ಯದಲ್ಲಿ. ಅಮರಾವತಿ ಮತ್ತು ನಾಗಾರ್ಜುನಕೊಂಡ ಎರಡೂ ಕೃಷ್ಣೆಯ ಬದಿ, ನಾಗಾರ್ಜುನಕೊಂಡ ಪಶ್ಚಿಮಕ್ಕೆ. ವಾರಕ್ಕೆ ಎರಡು ಖಾಲಿ ಮ್ಯಾಪು, ಪಟ್ಟಿ ನೋಡದೆ. ಡಿಸೆಂಬರಿನೊಳಗೆ ಕೈ ತಾನೇ ಹೋಗುತ್ತದೆ.

ಚುಕ್ಕಿ ಸಣ್ಣದಾಗಿ, ಒಂದೇ. ಹೆಸರು ಚುಕ್ಕಿಯ ಪಕ್ಕದಲ್ಲೇ, ಅಡ್ಡಲಾಗಿ. ಅನುಮಾನಕ್ಕೆ ಎರಡು ಚುಕ್ಕಿ ಇಟ್ಟು ನಡುವೆ ಹೆಸರು ಬರೆಯುವ ಜಾಣತನಕ್ಕೆ ಅಂಕ ಬಾರದು. ಮ್ಯಾಪಿನ ಹಾಳೆಯನ್ನು ಉತ್ತರಪತ್ರಿಕೆಗೆ ದಾರದಿಂದ ಕಟ್ಟುವುದನ್ನು ಕೊನೆಯ ಗಂಟೆಗೆ ಇಟ್ಟುಕೊಳ್ಳಬೇಡಿ. ಮ್ಯಾಪು ಮುಗಿದ ಕೂಡಲೇ ನಂಬರ್ ಬರೆದು ಕಟ್ಟಿ, ಆಮೇಲೆ ಮುಂದಿನ ಪ್ರಶ್ನೆ.